ಮನೆಯಲ್ಲಿ ಮದುವೆ, ಹೆರಿಗೆ, ಸಾವು: ಆರೋಗ್ಯ ಕಾರ್ಡಿನಲ್ಲಿ ಹೆಸರು ಬದಲಾಯಿಸಿದಿರಾ?



ನಮ್ಮ ಒಂದು ಸಂಘದ ಸದಸ್ಯೆ ತಮ್ಮ ಮಗಳನ್ನು ಪಕ್ಕದ ತಾಲ್ಲೂಕಿಗೆ ಮದುವೆ ಮಾಡಿಕೊಟ್ಟರು. ಒಳ್ಳೆಯ ಸಂಬಂಧ. ತಾಯಿ ಬಹಳ ಶಿಸ್ತಿನವರು. ಮದುವೆಯಾದ ತಿಂಗಳೊಳಗೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಮಗಳ ಹೆಸರನ್ನು ತಮ್ಮ ಪಡಿತರ ಚೀಟಿಯಿಂದ ತೆಗೆಸಿದರು. ಗಂಡನ ಮನೆಯವರು ತಮ್ಮ ಚೀಟಿಗೆ ಸೇರಿಸಲು ಹೋದಾಗ "ಈಗ ಸೇರ್ಪಡೆ ಬಿಟ್ಟಿಲ್ಲ, ಬಿಟ್ಟಾಗ ಬನ್ನಿ" ಎಂಬ ಉತ್ತರ ಬಂತು. ಮಧ್ಯದಲ್ಲಿ ಒಂದು ಸಲ ಬಿಟ್ಟಿದ್ದರಂತೆ. ಆ ವಾರ ಇವರಿಗೆ ಗೊತ್ತಾಗಲಿಲ್ಲ. ಹೀಗೇ ಎಂಟು ತಿಂಗಳು ಕಳೆಯಿತು. ಅಷ್ಟರಲ್ಲಿ ಹುಡುಗಿ ಬಸುರಿ. ಐದನೇ ತಿಂಗಳಿಗೆ ಏದುಸಿರು ಶುರುವಾಯಿತು, ರಾತ್ರಿ ಮಲಗಲು ಆಗುತ್ತಿರಲಿಲ್ಲ. ತಪಾಸಣೆ ಮಾಡಿಸಿದಾಗ ಹೃದಯದ ಕವಾಟ ಕಿರಿದಾಗಿದೆ, ಬಲೂನ್ ಹಾಕಿ ಹಿಗ್ಗಿಸಬೇಕು ಎಂದರು.

ಆಸ್ಪತ್ರೆಯ ಕೌಂಟರಿನಲ್ಲಿ ಪಡಿತರ ಚೀಟಿ ಕೇಳಿದರು. ತಾಯಿಯ ಚೀಟಿ ಕೊಟ್ಟರೆ ಅದರಲ್ಲಿ ಹೆಸರಿಲ್ಲ. ಗಂಡನ ಮನೆಯ ಚೀಟಿ ಕೊಟ್ಟರೆ ಅದರಲ್ಲೂ ಇಲ್ಲ. ಎರಡೂ ಬಿ.ಪಿ.ಎಲ್. ಕುಟುಂಬಗಳೇ. ಆದರೆ ಆ ಹುಡುಗಿ ಮಾತ್ರ ಕಂಪ್ಯೂಟರಿನ ಲೆಕ್ಕದಲ್ಲಿ ಯಾವ ಮನೆಯವಳೂ ಅಲ್ಲ! ಕೊನೆಗೆ ಅವಳನ್ನು 'ಸಾಮಾನ್ಯ ರೋಗಿ' ಎಂದು ಬರೆದುಕೊಂಡರು. ಸರ್ಕಾರ ಶೇಕಡಾ 30 ಭಾಗ ಕೊಟ್ಟಿತು, ಉಳಿದದ್ದು ಮನೆಯವರ ತಲೆಗೆ ಬಂತು. ಸಂಘದಿಂದ 60,000 ರೂಪಾಯಿ ತುರ್ತು ಸಾಲ ಕೊಟ್ಟೆವು. ತಾಯಿ ಇಂದಿಗೂ ಅದರ ಕಂತು ಕಟ್ಟುತ್ತಿದ್ದಾರೆ.

ಇಲ್ಲಿ ತಪ್ಪು ಯಾರದು? ತಾಯಿ ಸೋಮಾರಿಯಾಗಿದ್ದಿದ್ದರೆ, ಅಂದರೆ ಮಗಳ ಹೆಸರನ್ನು ತೆಗೆಸದೇ ಬಿಟ್ಟಿದ್ದಿದ್ದರೆ, ಚಿಕಿತ್ಸೆ ಪುಕ್ಕಟೆ ಆಗುತ್ತಿತ್ತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ "ಮದುವೆಯಾದ ಕೂಡಲೇ ಹೆಸರು ಬದಲಾಯಿಸಿಕೊಳ್ಳಿ" ಎಂದು ಸಭೆಯಲ್ಲಿ ಹೇಳಿದವಳು ನಾನೇ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ಹೇಳಿರಲಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮನೆಗೆ ಯಾವ ರಕ್ಷಣೆ ಇದೆ?

ಮೊದಲು ಇದು ಗೊತ್ತಿರಬೇಕು. ಸಭೆಯಲ್ಲಿ ಕೇಳಿದರೆ "ಇದೆ ಸಿಸ್ಟರ್, ಬ್ಯಾಂಕಲ್ಲಿ ವರ್ಷಾ ವರ್ಷಾ ಕಟ್ ಆಗುತ್ತೆ" ಅಂತ ಹತ್ತು ಕೈ ಮೇಲೇಳುತ್ತವೆ. ಪಾಸ್‌ಬುಕ್ ನೋಡಿದರೆ 436 ರೂಪಾಯಿ, 20 ರೂಪಾಯಿ. ಅದು ಆರೋಗ್ಯ ವಿಮೆ ಅಲ್ಲ ಅಮ್ಮ. 436 ರೂಪಾಯಿಯದು ಪ್ರಧಾನಮಂತ್ರಿ ಜೀವನ ಜ್ಯೋತಿ, ಅಂದರೆ ಜೀವ ವಿಮೆ. 20 ರೂಪಾಯಿಯದು ಅಪಘಾತ ವಿಮೆ. ಎರಡೂ ಒಳ್ಳೆಯವೇ, ಇರಲಿ. ಆದರೆ ಆಸ್ಪತ್ರೆಯ ಬಿಲ್ಲಿಗೆ ಒಂದು ಪೈಸೆಯೂ ಅದರಿಂದ ಬರುವುದಿಲ್ಲ.

ಇನ್ನು ಕೆಲವರು ಟ್ರಂಕಿನ ತಳದಿಂದ ಹಳೆಯ ಸ್ಮಾರ್ಟ್ ಕಾರ್ಡ್ ತೆಗೆದು ತೋರಿಸುತ್ತಾರೆ. ಅದು 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯದು. 30 ರೂಪಾಯಿ ಕೊಟ್ಟು ಫೋಟೋ ತೆಗೆಸಿಕೊಂಡದ್ದು ನೆನಪಿದೆಯಾ? ಮನೆಯಲ್ಲಿ ಐದೇ ಜನರಿಗೆ, ವರ್ಷಕ್ಕೆ 30,000 ರೂಪಾಯಿವರೆಗೆ. ಏಳು ಜನರ ಮನೆಯಲ್ಲಿ ಯಾರನ್ನು ಬಿಡೋದು ಎಂಬ ಪ್ರಶ್ನೆ ಬಂದಾಗ ಎಷ್ಟೋ ಕಡೆ ಅತ್ತೆಯನ್ನೇ ಬಿಟ್ಟಿದ್ದರು. ಆ ಕಾರ್ಡು ಈಗ ನಡೆಯುವುದಿಲ್ಲ.

ಈಗ ನಮ್ಮ ಬಹುಪಾಲು ಸದಸ್ಯೆಯರಿಗೆ ಇರುವುದು 2018ರಿಂದ ಬಂದಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ. ಈಗ ಅದರ ಹೆಸರಿಗೆ 'ಮುಖ್ಯಮಂತ್ರಿ' ಎಂಬ ಪದವೂ ಸೇರಿದೆ. ಬಿ.ಪಿ.ಎಲ್. ಅಥವಾ ಅಂತ್ಯೋದಯ ಚೀಟಿ ಇದ್ದರೆ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎ.ಪಿ.ಎಲ್. ಇದ್ದರೆ, ಅಥವಾ ಚೀಟಿಯೇ ಇಲ್ಲದಿದ್ದರೆ, ಸರ್ಕಾರ ನಿಗದಿ ಮಾಡಿದ ದರದ ಶೇಕಡಾ 30 ಭಾಗ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇಷ್ಟೇ ಜನ ಎಂಬ ಮಿತಿ ಇದರಲ್ಲಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಹಾಗಾಗಿ ಅತ್ತೆಯನ್ನು ಬಿಡಲು ಈಗ ಯಾವ ನೆಪವೂ ಇಲ್ಲ! ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ಚೀಟಿ ಬರೆದು ಬೇರೆ ಕಡೆಗೆ ಕಳುಹಿಸುತ್ತಾರೆ. ಇದು ನಿಮಗೆಲ್ಲ ಗೊತ್ತಿರುವುದೇ.

ಆದರೆ ಒಂದು ವಿಷಯ ಗಮನಿಸಿ. ಈ ಯೋಜನೆಯಲ್ಲಿ 'ಕುಟುಂಬ' ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರಲ್ಲ. ಪಡಿತರ ಚೀಟಿಯಲ್ಲಿ ಹೆಸರು ಇರುವವರು. ಆದ್ದರಿಂದ ಅಕ್ಕಿಗಾಗಿ ಮಾಡಿಸಿದ ಆ ಚೀಟಿಯೇ ನಿಮ್ಮ ಆರೋಗ್ಯ ವಿಮೆಯ ಪತ್ರವೂ ಹೌದು. "ನಮಗೇನು ಸಿಸ್ಟರ್, ಐದು ಕೆ.ಜಿ. ಅಕ್ಕಿ ಬಂದರೆಷ್ಟು ಬಿಟ್ಟರೆಷ್ಟು" ಎನ್ನುವವರು ಇದನ್ನು ಯೋಚಿಸಬೇಕು.

ಮದುವೆ

ಗಂಡಸಿನ ಹೆಸರು ಹುಟ್ಟಿದ ಮನೆಯ ಚೀಟಿಯಲ್ಲೇ ಸಾಯುವವರೆಗೆ ಇರುತ್ತದೆ. ಹೆಣ್ಣಿನ ಹೆಸರು ಮಾತ್ರ ಒಂದು ಚೀಟಿಯಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕು. ಈ ಇಳಿಯುವುದಕ್ಕೂ ಹತ್ತುವುದಕ್ಕೂ ನಡುವೆ ಇರುವ ಹಳ್ಳದಲ್ಲಿಯೇ ಆ ಹುಡುಗಿ ಬಿದ್ದದ್ದು.

ಆಧಾರ್ ಜೋಡಣೆ ಆಗಿರುವುದರಿಂದ ಒಬ್ಬರ ಹೆಸರು ಎರಡು ಚೀಟಿಯಲ್ಲಿ ಇರಲು ಸಾಧ್ಯವಿಲ್ಲ. ತವರಿನಲ್ಲಿ ತೆಗೆಸಿದ ಮೇಲೆಯೇ ಗಂಡನ ಮನೆಯಲ್ಲಿ ಸೇರಿಸಬೇಕು. ಆದರೆ ತೆಗೆಸುವ ಮುಂಚೆ, ಸೇರಿಸಲು ಈಗ ಅವಕಾಶ ಬಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ. ಆಹಾರ ಇಲಾಖೆ ತಿದ್ದುಪಡಿಗೆ ಆಗಾಗ ಇಂತಿಷ್ಟು ದಿನ ಅಂತ ಅವಕಾಶ ಕೊಡುತ್ತದೆ, ಆಗಾಗ ನಿಲ್ಲಿಸುತ್ತದೆ. ಕೆಲವು ಸಲ ಸರ್ವರ್ ಕೂಡ ಇರುವುದಿಲ್ಲ. ಬಾಗಿಲು ತೆರೆದಿಲ್ಲ ಎಂದರೆ ಮಗಳ ಹೆಸರು ತವರಿನ ಚೀಟಿಯಲ್ಲೇ ಇರಲಿ ಬಿಡಿ. ಹೆಸರು ಅಲ್ಲಿರುವವರೆಗೆ ಅವಳಿಗೆ ಚಿಕಿತ್ಸೆ ಸಿಗುತ್ತದೆ. ತೆರೆದಿದೆ ಎಂದು ಗೊತ್ತಾದ ದಿನ ಎರಡೂ ಮನೆಯವರು ಮಾತಾಡಿಕೊಂಡು, ಆಧಾರ್, ಎರಡೂ ಚೀಟಿಗಳು, ಮದುವೆಯ ದಾಖಲೆ ಎಲ್ಲ ಜೊತೆಯಲ್ಲಿಟ್ಟುಕೊಂಡು, ಎರಡೂ ಕೆಲಸವನ್ನು ಬೆನ್ನಿಗೆ ಬೆನ್ನು ಮಾಡಿಸಿ. ಹೆಸರು ಸೇರಿದ ಮೇಲೆ ಹುಡುಗಿಯ ಆರೋಗ್ಯ ಕಾರ್ಡನ್ನು ಅವಳ ಹೆಸರಿನಲ್ಲೇ ಬೇರೆ ಮಾಡಿಸಿ, ಅವಳ ಕೈಗೇ ಕೊಡಿ. ಅತ್ತೆಯ ಬೀರುವಿನಲ್ಲಿಟ್ಟ ಕಾರ್ಡು ಅರ್ಧರಾತ್ರಿ ಆಸ್ಪತ್ರೆಗೆ ಓಡುವಾಗ ಸಿಗುವುದಿಲ್ಲ.

ಕಾಗದದಲ್ಲಿನ ಹೆಸರೂ ಒಂದೇ ರೀತಿ ಇರಬೇಕು. ನಮ್ಮ ಕ್ರೈಸ್ತ ಸಹೋದರಿಯರಲ್ಲಿ ಇದೊಂದು ದೊಡ್ಡ ಗೋಳು. ದೀಕ್ಷಾಸ್ನಾನದ ಸರ್ಟಿಫಿಕೇಟಿನಲ್ಲಿ ಲೂರ್ದು ಮೇರಿ, ಆಧಾರಿನಲ್ಲಿ ಲೂರ್ದಮ್ಮ, ಶಾಲೆಯಲ್ಲಿ ಬರೀ ಮೇರಿ. ಹಿಂದೂ ಸಹೋದರಿಯರಲ್ಲೂ ಸಾವಿತ್ರಿ, ಸಾವಿತ್ರಮ್ಮ ಎಂಬ ಫರಕು ಉಂಟು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಆಧಾರಿನಲ್ಲಿ ಹೇಗಿದೆಯೋ ಹಾಗೇ ಉಳಿದ ಕಡೆ ಮಾಡಿಸಿ. ಮದುವೆಯ ಗಡಿಬಿಡಿಗೆ ಮುಂಚೆಯೇ ಇದು ಆದರೆ ಒಳ್ಳೆಯದು.

ಅತ್ತೆಯರಿಗೆ ಒಂದು ಮಾತು. ಸೊಸೆಯ ಹೆಸರು ಸೇರಿಸಿದರೆ ಗೃಹಲಕ್ಷ್ಮಿಯ 2,000 ರೂಪಾಯಿ ಅವಳಿಗೆ ಹೋಗುತ್ತೆ ಅಂತ ಕೆಲವರಿಗೆ ಭಯ. 2023ರ ಆಗಸ್ಟಿನಿಂದ ಬರುತ್ತಿರುವ ಆ ಹಣ ಚೀಟಿಯಲ್ಲಿ ಯಾರು ಯಜಮಾನಿ ಎಂದಿದೆಯೋ ಅವರಿಗೆ. ಸೊಸೆ ಸದಸ್ಯೆಯಾಗಿ ಸೇರಿದ ಮಾತ್ರಕ್ಕೆ ನಿಮ್ಮ ಯಜಮಾನಿಕೆ ಹೋಗುವುದಿಲ್ಲ. ಇಷ್ಟಕ್ಕಾಗಿ ಬಸುರಿ ಹುಡುಗಿಯನ್ನು ಹೊರಗಿಡುವುದು ನ್ಯಾಯವೇ ಎಂದು ನೀವೇ ಹೇಳಿ.

ಮಗು ಹುಟ್ಟಿದಾಗ

ಜನನವನ್ನು 21 ದಿನಗಳ ಒಳಗೆ ನೋಂದಾಯಿಸಿದರೆ ದಂಡವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಬರೆದು ಕಳುಹಿಸುತ್ತಾರೆ, ನೀವು ಪ್ರಮಾಣಪತ್ರ ಪಡೆಯುವುದನ್ನು ಮರೆಯಬೇಡಿ. "ಹೆಸರಿಟ್ಟ ಮೇಲೆ ಮಾಡಿಸೋಣ" ಅಂತ ಕಾಯುವುದು ಬೇಡ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಹೆಸರನ್ನು ಆಮೇಲೆ ಸೇರಿಸಬಹುದು. ಆ ಪ್ರಮಾಣಪತ್ರವಿದ್ದರೆ ಮಗುವಿಗೆ ಆಧಾರ್, ಆಮೇಲೆ ಪಡಿತರ ಚೀಟಿ. ಅಷ್ಟರಲ್ಲಿ ಮಗುವಿಗೆ ಕಾಯಿಲೆಯಾದರೆ ತಾಯಿಯ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ ಎರಡನ್ನೂ ಹಿಡಿದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರ ಸಿಬ್ಬಂದಿಯನ್ನು ನೇರವಾಗಿ ಕಾಣಿ. ಕೌಂಟರಿನಲ್ಲಿ ಹಣ ಕಟ್ಟಿ ಆಮೇಲೆ ಕೇಳುವುದಲ್ಲ, ಮೊದಲೇ ಕೇಳಬೇಕು.

ಖಾಸಗಿ ಕಂಪನಿಯ ಪಾಲಿಸಿ ಮಾಡಿಸಿದವರಿಗೆ ಬೇರೆ ನಿಯಮ. ಬಹಳಷ್ಟು ಕುಟುಂಬ ಪಾಲಿಸಿಗಳಲ್ಲಿ ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆಯೇ ಸೇರಿಸಿಕೊಳ್ಳುತ್ತಾರೆ. ಹೆರಿಗೆ ಖರ್ಚು ಸೇರಿರುವ ಪಾಲಿಸಿಯಾದರೆ ಮೊದಲ ದಿನದಿಂದಲೇ ಇರಬಹುದು. ಏಜೆಂಟರ ಬಾಯಿಮಾತು ಸಾಲದು, ಪಾಲಿಸಿಯಲ್ಲಿ ಬರೆದದ್ದನ್ನು ಓದಿಸಿ ಕೇಳಿ.

ಕೆಲಸ ಸಿಕ್ಕಾಗ, ಬಿಟ್ಟಾಗ

ನಮ್ಮ ಮನೆಗಳ ಹೆಣ್ಣುಮಕ್ಕಳು ಬೆಳಗಾಗುವ ಮೊದಲೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರ ಸಂಬಳದಿಂದ ಶೇಕಡಾ 0.75 ಇ.ಎಸ್.ಐ.ಗೆ ಹೋಗುತ್ತದೆ, ಮಾಲೀಕರು ಶೇಕಡಾ 3.25 ಹಾಕುತ್ತಾರೆ. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವವರಿಗೆ ಇದು ಅನ್ವಯ. ಹಣ ಕಟ್ ಆಗುತ್ತಿದೆ ಎಂದು ಗೊತ್ತು, ಆದರೆ ಆ ಕಾರ್ಡಿನಲ್ಲಿ ಮನೆಯವರ ಹೆಸರು ಸೇರಿಸಿದ್ದಾರೆಯೇ ಎಂದು ಕೇಳಿದರೆ ಅನೇಕರಿಗೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದಾಗ ಮದುವೆಯಾಗಿರಲಿಲ್ಲ, ಅಪ್ಪ ಅಮ್ಮನ ಹೆಸರು ಬರೆಸಿದ್ದಳು. ಈಗ ಗಂಡ, ಎರಡು ಮಕ್ಕಳು. ಕಾರ್ಡಿನಲ್ಲಿ ಮಾತ್ರ ಅವಳಿನ್ನೂ ಮದುವೆಯಾಗದ ಹುಡುಗಿ! ಕಾರ್ಖಾನೆಯ ಕಚೇರಿಯಲ್ಲಿ ಹೇಳಿ ಗಂಡನ, ಮಕ್ಕಳ ಹೆಸರು ಸೇರಿಸಬಹುದು. ತನ್ನನ್ನೇ ನಂಬಿರುವ ತಾಯಿ ತಂದೆಯರನ್ನೂ ಉಳಿಸಿಕೊಳ್ಳಬಹುದು. ತಂದೆ ತಾಯಿಗೆ ಆದಾಯದ ಮಿತಿ ಇದೆ, ಕೇಳಿಕೊಳ್ಳಿ. ಓದುತ್ತಿರುವ ಮಗನಿಗೆ 21 ವರ್ಷದವರೆಗೆ, ಮಗಳಿಗೆ ಮದುವೆಯಾಗುವವರೆಗೆ ಇರುತ್ತದೆ.

ಕೆಲಸ ಬಿಟ್ಟ ಮರುದಿನವೇ ಇ.ಎಸ್.ಐ. ಹೋಯಿತು ಎಂದು ಕಾರ್ಡನ್ನು ಬಿಸಾಡಬೇಡಿ. ಇದರ ಲೆಕ್ಕ ಹೀಗಿದೆ. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಚಂದಾಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಆ ಅವಧಿಯಲ್ಲಿ ಸಾಕಷ್ಟು ದಿನ ಚಂದಾ ಕಟ್ಟಿದ್ದವರಿಗೆ ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಚಿಕಿತ್ಸೆ ಸಿಗುವ ಅವಕಾಶವಿದೆ. ಮುಂದೂಡುತ್ತಾ ಬಂದ ಆಪರೇಷನ್ ಏನಾದರೂ ಇದ್ದರೆ ಆ ತಿಂಗಳುಗಳಲ್ಲೇ ವಿಚಾರಿಸಿ. ಹೆರಿಗೆ ಭತ್ಯೆಯೂ ಹೀಗೆಯೇ. ಹಿಂದಿನ ಎರಡು ಚಂದಾ ಅವಧಿಗಳಲ್ಲಿ 70 ದಿನಗಳ ಚಂದಾ ಇದ್ದರೆ 26 ವಾರ ಸಂಬಳದಷ್ಟು ಹಣ ಬರುತ್ತದೆ, ಎರಡು ಮಕ್ಕಳವರೆಗೆ. ಬಸುರಿ ಎಂದು ಗೊತ್ತಾದ ಕೂಡಲೇ "ಮನೇಲಿರು" ಅಂತ ಕೆಲಸ ಬಿಡಿಸುವ ಗಂಡಂದಿರಿಗೆ ಈ ಲೆಕ್ಕ ಹೇಳಿ. ಹಾಗೆಯೇ ಕನಿಷ್ಠ ಐದು ವರ್ಷ ಇ.ಎಸ್.ಐ. ಕಟ್ಟಿ ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಗಂಡನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು.

ಕೆಲಸದಿಂದ ಇನ್ನೊಂದು ಬದಲಾವಣೆಯೂ ಆಗುತ್ತದೆ. ಮಗ ಗಾಡಿ ಸಾಲಕ್ಕೆಂದು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುತ್ತಾನೆ. ಇಡೀ ಮನೆಯ ಚೀಟಿ ಬಿ.ಪಿ.ಎಲ್.ನಿಂದ ಎ.ಪಿ.ಎಲ್.ಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಚೀಟಿಗಳು ರದ್ದಾಗಿ ಗಲಾಟೆಯಾದದ್ದು ನಿಮಗೆ ನೆನಪಿರಬಹುದು. ಸರಿಯಾದ ಕಾರಣಕ್ಕೇ ಎ.ಪಿ.ಎಲ್. ಆಗಿದ್ದರೆ ಒಪ್ಪಿಕೊಳ್ಳೋಣ, ಮನೆಗೆ ಸಂಪಾದನೆ ಬಂತಲ್ಲ ಎಂದು ಸಂತೋಷ ಪಡೋಣ. ಆದರೆ ಅಂದಿನಿಂದ ನಿಮ್ಮ ರಕ್ಷಣೆ 5 ಲಕ್ಷದ್ದಲ್ಲ, ಶೇಕಡಾ 30ರದ್ದು ಎಂಬುದು ತಿಳಿದಿರಲಿ. ಆಗ ಬೇರೆ ದಾರಿ ನೋಡಬೇಕು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿಗೆ ಶುರುವಾದದ್ದು. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಮರಳಿ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ತಲೆಗೆ ಇಷ್ಟು ಅಂತ ಹೆಚ್ಚು ಕಟ್ಟಬೇಕು. ಪ್ರತಿ ವರ್ಷ ಹಣ ಕಟ್ಟಿ ನವೀಕರಿಸಬೇಕು. ಹೋದ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಕೊಡಬೇಡಿ. ಸತ್ತವರ ಹೆಸರಿಗೆ ಹಣ ಕಟ್ಟಿ, ಹೊಸ ಸೊಸೆಯನ್ನು ಬಿಟ್ಟ ಉದಾಹರಣೆ ನಮ್ಮಲ್ಲೇ ಇದೆ.

ಸಾವು, ಬೇರೆಯಾಗುವುದು

ಗಂಡ ತೀರಿಕೊಂಡ ಮನೆಗೆ ಹೋಗಿ "ಕಾಗದ ಪತ್ರ ನೋಡಿಕೊಳ್ಳಿ" ಎನ್ನಲು ನನಗೂ ನಾಲಿಗೆ ಏಳುವುದಿಲ್ಲ. ಆದರೂ ತಿಂಗಳ ಪೂಜೆಯೋ ತಿಥಿಯೋ ಮುಗಿದ ಮೇಲೆ ಸಂಘದ ಯಾರಾದರೂ ಇಬ್ಬರು ಹೋಗಿ ಹೇಳಬೇಕು. ಮರಣವನ್ನೂ 21 ದಿನಗಳಲ್ಲಿ ನೋಂದಾಯಿಸಬೇಕು, ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆದಿಡಬೇಕು. ಮನೆಯ ಯಜಮಾನಿಯೇ ತೀರಿಕೊಂಡಿದ್ದರೆ ಚೀಟಿಯಲ್ಲಿ ಯಜಮಾನಿಯ ಹೆಸರು ಬದಲಾಗಬೇಕು.

ಖಾಸಗಿ ಪಾಲಿಸಿ ಗಂಡನ ಹೆಸರಿನಲ್ಲಿತ್ತು ಎಂದರೆ ಅವರೊಂದಿಗೆ ಅದೂ ಸತ್ತಿತು ಎಂದು ತಿಳಿಯಬೇಡಿ. ಕಂಪನಿಗೆ ಬರೆದು ಕೊಟ್ಟರೆ ಹೆಂಡತಿಯ ಹೆಸರಿನಲ್ಲಿ ಮುಂದುವರಿಸಿಕೊಳ್ಳಬಹುದು. ಕಂತಿನ ದಿನ ತಪ್ಪಿದರೆ ವಾರ್ಷಿಕ ಕಂತಿನವರಿಗೆ 30 ದಿನ ರಿಯಾಯಿತಿ ಇದೆ. ಅದೂ ದಾಟಿದರೆ ಹೊಸ ಪಾಲಿಸಿಯೇ ಬೇಕು. ಹೊಸದಾದರೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಯಂಥವುಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಹಳೆಯದನ್ನು ಮುಂದುವರಿಸಿದರೆ ಇಷ್ಟು ದಿನ ಕಾದದ್ದು ವ್ಯರ್ಥವಾಗುವುದಿಲ್ಲ. ಗಂಡನ ಕಂಪನಿಯ ಗುಂಪು ವಿಮೆಯಲ್ಲಿ ಇದ್ದವರೂ ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಗುಂಪು ವಿಮೆ ಮುಗಿಯುವ ಮೊದಲು ಕೇಳಬೇಕು, ಮುಗಿದ ಮೇಲಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ತೆಗೆದಿದ್ದಾರೆ, ಕಂತಿನಲ್ಲಿ ಅದನ್ನು ಸೇರಿಸಿದ್ದರೆ ಪ್ರಶ್ನಿಸಿ. ಮತ್ತೆ, ಮೇಲೆ ಹೇಳಿದ 436 ರೂಪಾಯಿಯ ಜೀವ ವಿಮೆಯಲ್ಲಿ ನಾಮಿನಿ ಯಾರು? ಗಂಡ ತೀರಿಹೋಗಿ ಮೂರು ವರ್ಷವಾದರೂ ಅವರ ಹೆಸರೇ ಇರುತ್ತದೆ. ಬ್ಯಾಂಕಿಗೆ ಹೋದಾಗ ಮಕ್ಕಳ ಹೆಸರಿಗೆ ಮಾಡಿಸಿ.

ಬಹಳ ಕಷ್ಟವಾಗುವುದು ಗಂಡ ಬಿಟ್ಟುಹೋದ, ಅಥವಾ ಹೊಡೆತ ತಾಳಲಾರದೆ ತವರಿಗೆ ಬಂದ ಸಹೋದರಿಯರಿಗೆ. ಹೆಸರು ಅಲ್ಲಿ, ಮನುಷ್ಯಳು ಇಲ್ಲಿ. ಆ ಮನೆಯವರು ಚೀಟಿಯನ್ನು ಮುಟ್ಟಲೂ ಬಿಡುವುದಿಲ್ಲ. ಇಂಥವರಿಗೆ ನಾನು ಹೇಳುವುದು ಇಷ್ಟು. ಹೆಸರು ಅಲ್ಲಿರುವವರೆಗೆ ನಿಮ್ಮ ರಕ್ಷಣೆಯೂ ಉಂಟು. ಚೀಟಿಯ ನಂಬರು ಗೊತ್ತಿದ್ದು ಆಧಾರ್ ಕೈಯಲ್ಲಿದ್ದರೆ ನಿಮ್ಮ ಆರೋಗ್ಯ ಕಾರ್ಡನ್ನು ನೀವೇ ಗ್ರಾಮ ಒನ್‌ನಲ್ಲಿ ಕೇಳಬಹುದು, ಗಂಡನ ಅಪ್ಪಣೆ ಬೇಡ. ಕೋಪದಲ್ಲಿ "ಅವರ ಚೀಟಿಯಿಂದ ನನ್ನ ಹೆಸರು ತೆಗೀರಿ" ಅಂತ ಅರ್ಜಿ ಕೊಡಬೇಡಿ. ತವರಿನ ಚೀಟಿಗೆ ಸೇರುವ ದಾರಿ ಖಚಿತವಾದ ಮೇಲೆ ಕೊಡಿ. ಆಹಾರ ಶಿರಸ್ತೇದಾರರ ಬಳಿ ಒಬ್ಬರೇ ಹೋದರೆ ಕೆಲಸ ನಿಧಾನ, ಸಂಘದವರು ಆರು ಜನ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಇದು ಅನುಭವದ ಮಾತು.

ಸಭೆಯಲ್ಲಿ ಹೀಗೆ ಮಾಡಿ ನೋಡಿ

ಎರಡು ಸಂಘಗಳಲ್ಲಿ ನಾವು ಶುರು ಮಾಡಿದ್ದೇವೆ. ತಿಂಗಳ ಮೊದಲ ಸಭೆಯಲ್ಲಿ ಉಳಿತಾಯ ಬರೆದ ಮೇಲೆ ಪ್ರತಿನಿಧಿ ಒಂದೇ ಪ್ರಶ್ನೆ ಕೇಳುತ್ತಾರೆ: ಈ ತಿಂಗಳು ಯಾರ ಮನೆಗೆ ಯಾರು ಬಂದರು, ಯಾರು ಹೋದರು? ಮದುವೆ, ಹುಟ್ಟು, ಸಾವು, ಕೆಲಸ, ಏನೇ ಇರಲಿ, ನಿರ್ಣಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾರೆ. ಹೆಸರು ಬದಲಾಯಿಸುವ ಕೆಲಸ ಮುಗಿದಾಗ ಎದುರಿಗೆ ಗುರುತು ಹಾಕುತ್ತಾರೆ. ಪಡಿತರ ಚೀಟಿಗೆ ಸೇರ್ಪಡೆ ಬಿಟ್ಟ ಸುದ್ದಿ ಗೊತ್ತಾದವರು ಉಳಿದವರಿಗೆ ಅಂದೇ ಫೋನು ಮಾಡುತ್ತಾರೆ. ಆಯುಷ್ಮಾನ್ ಯೋಜನೆಯ ಬಗ್ಗೆ ಸಂಶಯವಿದ್ದರೆ 14555ಕ್ಕೆ ಕರೆ ಮಾಡಬಹುದು, ಹಣ ಬೀಳುವುದಿಲ್ಲ.

ಮೊದಲಿಗೆ ಹೇಳಿದ ಆ ಹುಡುಗಿ ಈಗ ಆರೋಗ್ಯವಾಗಿದ್ದಾಳೆ. ಹೆಣ್ಣು ಮಗು. ಬಾಣಂತನಕ್ಕೆ ತವರಿಗೆ ಬಂದಿದ್ದಾಗ ನೋಡಲು ಹೋಗಿದ್ದೆ. ಅವಳ ಹೆಸರು ಗಂಡನ ಮನೆಯ ಚೀಟಿಗೆ ಸೇರಿ ಆರು ವಾರವಾಗಿತ್ತು. ಮಗುವಿನ ಜನನ ಪ್ರಮಾಣಪತ್ರವನ್ನು ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸಂಘದ ಪಾಸ್‌ಬುಕ್ಕಿನ ಜೊತೆಗೇ ಇಟ್ಟಿದ್ದರು. "ಮುಂದಿನ ಸಲ ಸೇರ್ಪಡೆ ಯಾವಾಗ ಬಿಡ್ತಾರೆ ಸಿಸ್ಟರ್?" ಎಂದು ಕೇಳಿದರು.